ಉಡಿಗೆ ತಂದ ಅಕ್ಕಿ

ಗಂಡ ಬಿಟ್ಟು ಹೋದಾಗ ನನಗೆ ಇಪ್ಪತ್ತು ವರ್ಷ, ಮಗಳಿಗೆ ಏಳು ತಿಂಗಳು. ಅವನ ಕೆಲಸ ತೆಲುಗು ನಾಡಿನ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ. ಒಂದು ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಸಿಕೊಂಡು ಹೋದವನು ತಿರುಗಿ ಬರಲಿಲ್ಲ. ಎಲ್ಲೋ ಅಪಘಾತವಾಗಿದೆ ಎಂದು ಮೂರು ದಿನ ಅಳುತ್ತ ಕೂತಿದ್ದೆ. ನಾಲ್ಕನೇ ದಿನ ಕಾರ್ಖಾನೆಯ ಗೇಟಿಗೆ ಹೋದರೆ, ಅವನು ಕೆಲಸ ಬಿಟ್ಟು ವಾರದ ಮೇಲಾಯಿತು ಎಂದ ಕಾವಲಿನವನು. ಅಂದರೆ ಆ ವಾರವೆಲ್ಲ ನಾನು ಕಟ್ಟಿಕೊಟ್ಟ ಡಬ್ಬಿಯನ್ನು ಅವನು ಎಲ್ಲಿ ಕೂತು ತಿಂದನೋ. ಇವತ್ತಿಗೂ ನನಗೆ ಮೈ ಉರಿಯುವುದು ಅದಕ್ಕೇ.

ಊರಿಗೆ ಫೋನ್ ಮಾಡಿದೆ. ನಮ್ಮದು ಬೀದರ ಕಡೆಯ ಹಳ್ಳಿ. ನನ್ನ ಹಿಂದೆ ಇಬ್ಬರು ತಂಗಿಯರು. ಗಂಡ ಬಿಟ್ಟವಳು ಮನೆಗೆ ಬಂದು ಕೂತರೆ ಅವರ ಮದುವೆಯಾಗುವುದಿಲ್ಲ, ಅಲ್ಲೇ ಹೇಗಾದರೂ ಇರು ಎಂದ ಅಪ್ಪ. ಅವ್ವ ಫೋನಿಗೇ ಬರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ನಮ್ಮಪ್ಪ ಆ ಗಾದೆಯನ್ನು ಹೇಳಲಿಲ್ಲ, ಮಾಡಿ ತೋರಿಸಿದ.

ಮನೆ ಮಾಲೀಕ ಖೋಲಿ ಬಿಡಿಸಿದ ಮೇಲೆ ಪಕ್ಕದವಳೊಬ್ಬಳು ದಾರಿ ಹೇಳಿದಳು. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ ಕನ್ನಡದ ಮುದುಕಿಯೊಬ್ಬಳು ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ, ಕೈಗೊಬ್ಬರು ಬೇಕಂತೆ ಎಂದು. ಕೂಸನ್ನೆತ್ತಿಕೊಂಡು ಎರಡು ಬಸ್ಸು ಬದಲಿಸಿ ಹೋದೆ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು ಒಂಟಿಯಾಗಿದ್ದವಳು ಆಕೆ, ಮಕ್ಕಳಿಲ್ಲ. ನನ್ನ ಮುಖ ನೋಡಲಿಲ್ಲ, ಅಂಗೈ ತಿರುಗಿಸಿ ನೋಡಿದಳು. ರೊಟ್ಟಿ ಬಡಿಯಲು ಬರುತ್ತದೆಯೇ ಎಂದಷ್ಟೇ ಕೇಳಿದಳು. ಗಂಡನ ಸುದ್ದಿ ಎತ್ತಲಿಲ್ಲ. ಅವತ್ತಿನಿಂದ ಆಕೆಯ ಮಹಡಿಯ ಮನೆಯಲ್ಲೇ ನಾವೂ ಇದ್ದೆವು.

ಆಕೆಯನ್ನು ನಾವು ತಾಯಿ ಮಗಳು ಇಬ್ಬರೂ ಆಯಿ ಅಂತಲೇ ಕರೆಯುವುದು. ಒಳ್ಳೆಯ ಹೆಂಗಸು ಎಂದು ಓಣಿಯಲ್ಲಿ ಯಾರೂ ಆಕೆಯನ್ನು ಹೊಗಳಿದ್ದು ನಾನು ಕೇಳಿಲ್ಲ. ಅಂಚು ಸೀಳಿದ ರೊಟ್ಟಿಯನ್ನು ನನ್ನ ಮುಂದೆಯೇ ಮುರಿದು ಬೀಸಾಡುತ್ತಿದ್ದಳು. ಆದರೆ ಮಗಳಿಗೆ ಜ್ವರ ಬಂದಾಗ ಅದನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಇಡೀ ದಿನ ಹಂಚಿನ ಮುಂದೆ ನಿಂತಳು. ಉಳಿದ ದಿನ ಮಗಳನ್ನು ನೋಡಿಕೊಂಡವಳು ಕೆಳಗಿನ ಮನೆಯ ತೆಲುಗು ಅಕ್ಕ. ಹಾಗಾಗಿ ನನ್ನ ಮಗಳ ಬಾಯಲ್ಲಿ ಮೊದಲು ಬಂದ ಮಾತು ಪೆದ್ದಮ್ಮ, ತೆಲುಗಿನಲ್ಲಿ ದೊಡ್ಡಮ್ಮ.

ಇಷ್ಟಾದರೂ ನಾನು ಅವನ ಹಳೆಯ ನಂಬರಿಗೆ ಫೋನ್ ಮಾಡುವುದನ್ನು ನಿಲ್ಲಿಸಲಿಲ್ಲ. ಐದು ವರ್ಷ ಅದು ಸ್ವಿಚ್ ಆಫ್. ತಾಳಿಯನ್ನೂ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಅವನೇ ಬಂದ. ಜೊತೆಗೆ ಅವನ ಕಾಕಾ, ಮತ್ತೆ ಊರಿನ ಹಿರಿಯರೊಬ್ಬರು. ಚೀಲದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಬಸದ ಖಣ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಇವನ್ನು ಸೆರಗಿಗೆ ಹಾಕಿ ಉಡಿ ತುಂಬಬೇಕು, ಅದು ನಮ್ಮ ಪದ್ಧತಿ. ಅಪ್ಪ ನನ್ನ ವಿಳಾಸ ಕೊಟ್ಟು, ತಾನು ಬರುವುದಿಲ್ಲ ಎಂದಿದ್ದನಂತೆ, ಅದಕ್ಕೆ ಕರೆಯಲು ಬಂದವರೇ ಕಟ್ಟಿಕೊಂಡು ಬಂದಿದ್ದರು. ತಪ್ಪಾಗಿದೆ, ಮರೆತುಬಿಡು ಎಂದರು ಕಾಕಾ. ಮಾತಿನ ಮಧ್ಯೆ, ಅತ್ತೆ ಹಾಸಿಗೆ ಹಿಡಿದು ಆರು ತಿಂಗಳಾಯಿತು, ಹಿರಿಸೊಸೆ ಕೈಬಿಟ್ಟು ಹೋದಳು ಎಂಬ ಮಾತೂ ಬಂತು. ಕೇಳಿಸಿತು. ಕೇಳಿಸದಂತೆ ಇದ್ದೆ. ಅವನು ಮಗಳನ್ನು ತೋರಿಸಿ, ನನ್ನ ಕೂಸು ಇದೇ ಏನು ಎಂದು ತೆಲುಗು ಅಕ್ಕನನ್ನು ಕೇಳಿದ, ಅದನ್ನೂ ಕೇಳಿಸದಂತೆ ಇದ್ದೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಸಂತೋಷವಾಗಿತ್ತು. ಒಳಗೆ ಹೋಗಿ ನನ್ನ ಬಟ್ಟೆ, ಮಗಳ ಬಟ್ಟೆ ಚೀಲಕ್ಕೆ ತುಂಬಿದೆ.

ಆಯಿ ವಿಧವೆ, ಆಕೆ ಉಡಿ ತುಂಬುವ ಹಾಗಿಲ್ಲ. ತೆಲುಗು ಅಕ್ಕನನ್ನು ಕೇಳಿದರು. ಅವರಲ್ಲೂ ಇದೇ ಪದ್ಧತಿ ಉಂಟು, ಒಡಿ ಬಿಯ್ಯಂ ಎನ್ನುತ್ತಾರೆ. ಪಾಪ, ಅವಳು ತಲೆಗೆ ನೀರು ಹಾಕಿಕೊಂಡು ಪಟ್ಟೆ ಸೀರೆ ಉಟ್ಟು ಬಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಹಿರಿಯರಿಗೆ ಎಲ್ಲವೂ ಕ್ರಮಪ್ರಕಾರ ಆಗಬೇಕು. ಕಳಿಸುವ ಮಾತು ತವರಿನ ಬಾಯಿಂದಲೇ ಬರಬೇಕು ಎಂದು ಅವರು ಆಯಿಯ ಕಡೆ ತಿರುಗಿದರು.

"ಈಕಿ ತವರಿನವರು ನೀವ ಅಂತ ತಿಳ್ಕೋತೀವ್ರಿ. ಕಳಸ್ತೀವಿ ಅಂತ ಒಂದು ಮಾತು ಅನ್ರಿ."

ಆಯಿ ಅಕ್ಕಿಯನ್ನು ಮೊರಕ್ಕೆ ಸುರುವಿಕೊಂಡು ಒಳಗೆ ಹೋದಳು. ಹಸನು ಮಾಡುತ್ತಿದ್ದಾಳೆ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅನ್ನ ಕುದಿಯುವ ವಾಸನೆ ಬಂತು. ಉಡಿಯ ಅಕ್ಕಿಯನ್ನು ಒಲೆಗೆ ಏರಿಸಿದ್ದಳು. ಕಾಕಾ ಎದ್ದು ನಿಂತರು. ಆಯಿ ಹೊರಗೆ ಬಂದು ಕೈ ಒರೆಸಿಕೊಂಡಳು.

"ತವರಿನವರು ಅಂದ್ರಲ್ಲಾ, ಹಂಗಾರ ಕೇಳ್ರಿ. ನಾ ಕಳಸಾಂಗಿಲ್ಲ. ಊಟ ಮಾಡಿ ಹೋಗ್ರಿ."

ಹಿರಿಯರಿಬ್ಬರೂ ತಾಟು ಮುಟ್ಟಲಿಲ್ಲ. ನನ್ನ ಗಂಡ ಎರಡು ಸಲ ಹಾಕಿಸಿಕೊಂಡು ಉಂಡ. ಬಾ ಎಂದು ಅವನು ಒಂದು ಮಾತು ಅಂದಿದ್ದರೆ ನಾನು ಆಯಿಯನ್ನು ದಾಟಿ ಹೋಗುತ್ತಿದ್ದೆ. ಅವನು ಕೈ ತೊಳೆದು ಕಾಕಾನ ಹಿಂದೆ ಮೆಟ್ಟಿಲಿಳಿದ.

ಅವರು ಹೋದ ಮೇಲೆ ನನ್ನ ಬಾಯಿಗೆ ಲಗಾಮಿರಲಿಲ್ಲ. "ನಿಮಗ ರೊಟ್ಟಿ ಬಡಿಯಾಕ ಕೈ ಬೇಕು. ಅದಕ್ಕ ನನ್ನ ಇಟಗೊಂಡೀರಿ" ಎಂದೆ.

"ಹೂಂ, ಬೇಕು" ಎಂದಳು ಆಯಿ. ಹಿಟ್ಟಿನ ಪರಾತವನ್ನು ನನ್ನ ಕಡೆ ಸರಿಸಿದಳು.

ಒಂದು ತಿಂಗಳು ನಾನು ಆಕೆಯೊಂದಿಗೆ ಮಾತಾಡಲಿಲ್ಲ. ಗಂಡನ ಹಿಂದೆ ಹೋಗಲಿಲ್ಲ ಎಂದು ಊರಲ್ಲಿ ಅಪ್ಪ ನನ್ನ ಹೆಸರಿನಲ್ಲಿ ಸ್ನಾನ ಮಾಡಿದನಂತೆ, ಸತ್ತವರಿಗೆ ಮಾಡುವ ಹಾಗೆ. ಆ ಸುದ್ದಿ ಬಂದ ದಿನ ಮಾತ್ರ ಆಯಿ ಎರಡು ರೊಟ್ಟಿ ಹೆಚ್ಚಿಗೆ ಹಾಕಿದಳು, ನಾನು ತಿಂದೆ. ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ತಾಳಿ ಬಿಚ್ಚಿಟ್ಟದ್ದು ಅದಕ್ಕೂ ವರ್ಷದ ನಂತರ.

ಈಗ ಮಗಳಿಗೆ ಹನ್ನೊಂದು. ಮೊನ್ನೆ ಪೆದ್ದಮ್ಮ ಯಾವುದೋ ಮಾತಿಗೆ ಆ ದಿನದ ಕಥೆಯನ್ನು ಅವಳಿಗೆ ಹೇಳಿಬಿಟ್ಟಳು. ಮಗಳು ಮೇಲೆ ಬಂದು ನನ್ನೆದುರು ನಿಂತಳು.

"ಆಯಿ ಅಡ್ಡ ಬರದಿದ್ರ ನೀ ನನ್ನ ಕರ್ಕೊಂಡು ಅವರ ಹಿಂದ ಹೋಗ್ತಿದ್ದೇನು?"

ಸುಳ್ಳು ಹೇಳಬಹುದಿತ್ತು. ಹೋಗುತ್ತಿದ್ದೆ ಎಂದೆ. ಅವಳು ಊಟಕ್ಕೆ ಕೂತಾಗ ತಾಟನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಹೋಗಿ ಆಯಿಯ ಪಕ್ಕ ಇಟ್ಟುಕೊಂಡಳು.