ಮಾಮಾನ ಗಿಟಾರಿಗೆ ಬಂದ ಪಿಕಪ್

ನನ್ನ ಗಂಡನ ತಂದೆ ಕಾಶೀರಾಮರನ್ನು ನಾವೆಲ್ಲ ಮಾಮಾ ಅನ್ನುತ್ತೇವೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಬೇಳೆ ಚೀಲ ತೂಗುವ ಕೆಲಸದಲ್ಲಿದ್ದರು. ಏಪ್ರಿಲ್‌ನಲ್ಲಿ ಜಯಂತಿ ಬಂತೆಂದರೆ ಭಾಲ್ಕಿಯ ರಾಜರತ್ನನ ಹಾಡಿನ ತಂಡದಲ್ಲಿ ಗಿಟಾರು ಬಾರಿಸುವವರು. ಅದು ಎಲ್ಲರ ಕೈಯಲ್ಲಿ ಕಾಣುವಂಥ ಗಿಟಾರಲ್ಲ. ಮುಂಭಾಗ ಉಬ್ಬಿದೆ, ನಡುವೆ ದುಂಡು ತೂತಿಲ್ಲ, ಪಿಟೀಲಿನ ಹಾಗೆ ಅತ್ತಿತ್ತ ಎರಡು ಸೀಳು. ಭಾಲ್ಕಿಯವರು ಅದಕ್ಕೆ ‘ಹೊಟ್ಟಿ ಗಿಟಾರ’ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಒರೆಸುವ ಬಟ್ಟೆಯೂ ಬೇರೆ.

ಚಳಿಗಾಲದಲ್ಲಿ ಮಾಮಾನಿಗೆ ಲಕ್ವಾ ಹೊಡೆಯಿತು. ನಡಿಗೆ, ಮಾತು ಮರಳಿದವು. ಬಲಗೈ ಆಡುತ್ತದೆ, ಆದರೆ ಏನು ಮುಟ್ಟಿತೆಂದು ಅದಕ್ಕೆ ತಿಳಿಯುವುದಿಲ್ಲ. ಚಹಾದ ಲೋಟ ಸುಡುತ್ತಿದೆ ಎಂದು ನಾವೇ ಹೇಳಬೇಕು. ತಂತಿ ಮೀಟಿದರೆ ಸಪ್ಪಳ ಪಕ್ಕದ ಕೋಣೆಗೂ ಬಾರದು. ಗಿಟಾರು ಗೋಡೆಯ ಮೊಳೆಗೆ ಹೋಯಿತು. ಮಾಮಾ ಅದರ ಎದುರಿಗೇ ಕೂರುತ್ತಿದ್ದರು, ಅದನ್ನು ನೋಡುತ್ತಿರಲಿಲ್ಲ. ನಾನು ಮಗಳಿಗೆ ಉಣಿಸಿ, ಅವರಿಗೆ ಗುಳಿಗೆ ಕೊಟ್ಟು, ಪಾತ್ರೆ ತೊಳೆದು, ಮತ್ತೆ ಮಗಳಿಗೆ ಉಣಿಸುತ್ತಿದ್ದೆ. ಅಳು ಬರುತ್ತಿರಲಿಲ್ಲ.

ಏಪ್ರಿಲ್ ಹತ್ತಿರವಾದಾಗ ರಾಜರತ್ನ ಬಂದ. “ಔರಾದದಾಗ ಕಾರ್ಯಕ್ರಮ ಹಿಡದೇನಿ ಕಾಕಾ. ಗಿಟಾರಕ್ಕ ಪಿಕಪ್ ಹಾಕಸ್ರಿ. ಮೆಲ್ಲಕ ಬಾರಿಸಿದ್ರೂ ಸ್ಪೀಕರದಾಗ ಕೇಳ್ತದ.”

“ಕೈಗಿ ತಂತಿ ಎಲ್ಲದ ಅಂತ ತಿಳಿಯಲ್ಲೋ. ಬ್ಯಾರೆಯವರಿಗಿ ಕರಕೋ,” ಅಂದರು ಮಾಮಾ.

“ಆಖರಿ ತನಕ ನಿಮ್ಮ ಜಾಗಾ ಖಾಲಿ ಇಡ್ತೇನಿ. ಬರಲಿಲ್ಲಂದ್ರ ಖಾಲೀನೇ ಇರ್ತದ,” ಎಂದು ಹೇಳಿ ಅವನು ಹೋದ.

ಹಾರ್ಮೋನಿಯಂ, ಸ್ಪೀಕರ್ ರಿಪೇರಿ ಮಾಡುವ ಅಮೀರ ಪಾಶಾ ಅವರನ್ನು ನಾನೇ ಕೇಳಿಕೊಂಡು ಬಂದೆ. ತಂತಿಯ ಅದುರನ್ನು ಅಯಸ್ಕಾಂತದಿಂದ ಹಿಡಿದು ಸ್ಪೀಕರಿಗೆ ಕಳಿಸುವ ಹಳೇ ಮಾದರಿಯ ಪಿಕಪ್‌ನಲ್ಲಿ ಎರಡು ಬಗೆ ಅಂದರು. ಒಂದು ದಪ್ಪನೆಯದು, ದನಿಯೂ ತುಂಬು. ಆದರೆ ಗಿಟಾರಿನ ಹೊಟ್ಟೆ ಕೊರೆದು ಕೂರಿಸಬೇಕು. ಇನ್ನೊಂದು ತೆಳ್ಳನೆಯದು, ತಂತಿಗಳ ಪಕ್ಕದ ಪಟ್ಟಿಗೆ ಸಿಕ್ಕಿಸಿ ತಂತಿಯ ಕೆಳಗೆ ತೂಗುಬಿಟ್ಟರೆ ಸಾಕು, ಕಟ್ಟಿಗೆಗೆ ಏಟಿಲ್ಲ.

ಮನೆಗೆ ಬಂದು ಮಾಮಾನನ್ನು ಕೇಳಿದೆ.

“ಕೊರೀಲಿ. ಏನಾಗ್ತದ,” ಅಂದರು.

ಒರೆಸುವ ಬಟ್ಟೆ ಬೇರೆ ಇಡಿಸಿದ ಮನುಷ್ಯ. ಲಕ್ವಾ ಹೊಡೆದ ದಿನ ಆಗದಷ್ಟು ಭಯ ನನಗೆ ಆ ಮಾತಿಗೆ ಆಯಿತು. ತೆಳ್ಳನೆಯದೇ ಇರಲಿ ಎಂದು ನಾನೇ ನಿರ್ಧರಿಸಿದೆ.

ಅದು ಕೂಡಬೇಕಾದರೆ ತಂತಿಗೂ ಕಟ್ಟಿಗೆಗೂ ನಡುವೆ ಎಷ್ಟು ಸಂದಿದೆ ಎಂದು ತಿಳಿಯಬೇಕು. ಕಂಕುಳಲ್ಲಿ ಮಗಳು, ಗಿಟಾರು ಹೊತ್ತೊಯ್ಯುವುದು ಆಗದ ಮಾತು. ಕಲಸಿದ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂತಿಯ ಕೆಳಗೆ ಒತ್ತಿ, ಹಾಗೇ ಮೆಲ್ಲಗೆ ಎಳೆದುಕೊಂಡು ಡಬ್ಬಿಯಲ್ಲಿಟ್ಟು ಒಯ್ದೆ.

“ಬೇಟಿ, ರೊಟ್ಟಿ ತಂದೀಯೋ, ಅಳತಿ ತಂದೀಯೋ?” ಅಂದರು ಅಮೀರ ಪಾಶಾ. ಹಿಟ್ಟಿನ ಪಕ್ಕ ಸ್ಕೇಲು ಹಿಡಿದು, “ತೆಳ್ಳಂದು ಕೂಡ್ತದ. ತಂತಿ ಮಾತ್ರ ಬದಲಿ ಮಾಡಬೇಕು, ಹಿತ್ತಾಳಿ ಸುತ್ತಿದ್ದು ಇದರಾಗ ಸರಿ ಕೇಳಸಲ್ಲ,” ಅಂದರು. ಹೈದರಾಬಾದಿನಿಂದ ತರಿಸುತ್ತೇನೆ ಎಂದರು.

ಔರಾದಿನ ಕಾರ್ಯಕ್ರಮದ ದಿನ ಬೆಳಗ್ಗೆ ಅವರ ಫೋನು ಬಂತು. ನನ್ನ ಕೈಯೆಲ್ಲ ಹಿಟ್ಟು, ಫೋನಿನ ಸ್ಪೀಕರ್ ಒತ್ತಿದೆ. “ಪಿಕಪ್ ಬಂದದ. ಮನಿಗೇ ತರ್ತೇನಿ.”

ಅತ್ತೆ ಕೇಶರಬಾಯಿ ಅದನ್ನು ಕೇಳಿಸಿಕೊಂಡರು. ನಮ್ಮ ಕಡೆ ಪಿಕಪ್ ಅಂದರೆ ಸಾಮಾನು ಹೇರುವ ಗಾಡಿ. ತಂಡದವರು ಸ್ಪೀಕರು, ಢೋಲಕಿ ಏರಿಸಿಕೊಂಡು ಹೋಗುವುದು ಅದರಲ್ಲೇ. ನಾನು ಮಗಳನ್ನು ಮೀಯಿಸಿ ಬರುವಷ್ಟರಲ್ಲಿ ಅತ್ತೆ ಮಾಮಾನ ಬಿಳಿ ಅಂಗಿ ಇಸ್ತ್ರಿ ಮಾಡಿ, ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ, ಕುರ್ಚಿಯ ಮೇಲೆ ಇಟ್ಟಿದ್ದರು.

ಅಮೀರ ಪಾಶಾ ನಡೆದೇ ಬಂದರು.

“ಗಾಡಿ ಎಲ್ಲದ ಭಾಯಿ?” ಅತ್ತೆ ಕೇಳಿದರು.

ಅವರು ಜೇಬಿನಿಂದ ಸಣ್ಣ ಡಬ್ಬಿ ತೆಗೆದರು. “ಇದೇ ಪಿಕಪ್.”

“ಇದರಾಗ ಮಂದಿ ಹ್ಯಾಂಗ ಕೂಡ್ತಾರ?”

“ಒಬ್ಬರೇ ಕೂಡ್ತಾರ್ರಿ. ನಿಮ್ಮ ಯಜಮಾನರು.”

ಮಾಮಾ ನಗಲಿಲ್ಲ. ಅಂಗಿಯ ಕಡೆ ನೋಡಿದರು. “ನಾ ಹೋಗ್ತೇನಿ ಅಂತ ಯಾರಂದ್ರು?”

“ಪಿಕಪ್ ಬಂದದ ಅಂದ್ರಲ್ಲ. ಬಂದ ಮ್ಯಾಗ ನೀವು ಹಿಂದ ಉಳದದ್ದು ನಾ ಎಂದರ ನೋಡೀನೇನು?” ಅಂದರು ಅತ್ತೆ.

ಅಮೀರ ಪಾಶಾ ಪಟ್ಟಿಗೆ ಪಿಕಪ್ ಸಿಕ್ಕಿಸಿ, ಹೊಸ ತಂತಿ ಹಾಕಿ, ತಂತಿಗಳ ಬುಡದ ಲೋಹಕ್ಕೆ ಒಂದು ವೈರು ಮುಟ್ಟಿಸಿ, ತಾವು ತಂದಿದ್ದ ಸ್ಪೀಕರಿಗೆ ಜೋಡಿಸಿದರು. ಗುಂಯ್ ಎಂದು ಒಂದೇ ಸಮನೆ ಸದ್ದು. ಮಗಳು ನನ್ನ ಕೊರಳು ಹಿಡಿದಳು.

“ತಂತಿ ಮುಟ್ಟಿದ್ರ ನಿಲ್ತದ,” ಅಂದರು ಅಮೀರ ಪಾಶಾ.

ಮಾಮಾ ಬಲಗೈ ಇಟ್ಟರು. ಸದ್ದು ನಿಂತಿತು. ಎತ್ತಿದರು, ಗುಂಯ್. ಕಣ್ಣು ಮುಚ್ಚಿಕೊಂಡು ಇಟ್ಟರು, ನಿಂತಿತು. ಹಾಗೇ ಬಹಳ ಹೊತ್ತು ಇಡುತ್ತ, ಎತ್ತುತ್ತ ಕೂತರು. ಅಮೀರ ಪಾಶಾಗೆ ಚಹಾ ಕೊಟ್ಟು ನಾನು ಲೋಟ ಒಳಗಿಟ್ಟು ಬಂದರೂ ಅದೇ.

“ಕೈಗಿ ತಿಳಿಯಲ್ಲ. ಕಿವಿಗಿ ತಿಳೀತದ,” ಅಂದರು ಕೊನೆಗೆ. ಆಮೇಲೆ ಮೀಟಿದರು. ತಾಳ ತಪ್ಪಿತು, ತಿದ್ದಿಕೊಂಡರು. ದನಿ ಅಂಗಳಕ್ಕೆ ಹೋಯಿತು.

ರಾಜರತ್ನನಿಗೆ ತಾವೇ ಫೋನು ಮಾಡಿದರು. “ಪಿಕಪ್ ಬಂದದ. ಈಗ ಪಿಕಪ್ ಕಳಸು.”

ಅಂಗಿ ತೊಡಿಸಿ ಬಲ ಮುಂಗೈಯ ಗುಂಡಿ ಹಾಕಿದೆ. ಅವರ ಆ ಕೈಯನ್ನು ಹಾಗೇ ಹಿಡಿದು ಕೂತೆ. ಮಾಮಾ ಬಾಗಿಲ ಕಡೆ ಗಾಡಿಯ ದಾರಿ ನೋಡುತ್ತಿದ್ದರು. ನಾನು ಹಿಡಿದದ್ದು ಅವರಿಗೆ ತಿಳಿದಿರಲಿಲ್ಲ.