ಎರಡು ಗಳಿಗೆ

ಸರ್ ಅವರ ಬೆರಳ ತುದಿಗಳು ಸದಾ ಫಾರ್ಮಲಿನ್‌ಗೆ ಬಿಳಿಚಿ ಸುಲಿದಿರುತ್ತಿದ್ದವು. ರಾಣೆಬೆನ್ನೂರಿನ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸಲು ಅವರು ದಿನವೂ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಡಲೇಡಿಗಳ ಪಾಠವಿದ್ದ ದಿನ ಅವರು ಮೊದಲು ತೆರೆದದ್ದು ಪಂಚಾಂಗ.

“ಸಮುದ್ರಕ್ಕೂ ತಿಥಿ ನೋಡ್ತಾರೇನ್ರಿ ಸರ್?” ಎಂದು ಗೆಳತಿ ನಕ್ಕಳು.

“ನಿನಗ ಬ್ಯಾಡಾದ್ರ ಬಿಡವಾ, ಏಡಿಗೆ ಬೇಕು. ಹುಣ್ಣಿಮಿ ಅಮಾಸಿಗೆ ಉಬ್ಬರ ದೊಡ್ಡದು. ಆಗ ಮರಿ ಬಿಟ್ರ ಇಳಿಯೋ ನೀರು ಅವನ್ನ ದೂರ ಒಯ್ತೈತಿ. ದಂಡ್ಯಾಗ ಉಳದ್ರ ಮೀನು ತಿಂದು ಮುಗಸ್ತಾವು.”

ಕಾರವಾರದ ಕಡೆ ಪ್ರವಾಸ ಹೋದೆವು. ಹುಣ್ಣಿಮೆಯ ಮರುದಿನ ಬೆಳಗ್ಗೆ ನೀರು ಬಹಳ ಹಿಂದೆ ಸರಿದಿತ್ತು. ಸರ್ ಬಂಡೆಗಳತ್ತ ಕೈ ತೋರಿಸಿ, “ಎರಡು ಗಳಿಗಿ, ಅಷ್ಟ. ಆಮ್ಯಾಲೆ ಎಲ್ಲಾರೂ ದಂಡಿಗೆ” ಎಂದರು.

ಕೊನೆಯ ಬಂಡೆಯ ಸಂದಿಯಲ್ಲಿ ಒಂದು ಹೆಣ್ಣೇಡಿ ಇತ್ತು. ಹೊಟ್ಟೆಯಡಿಯ ತತ್ತಿಗಳು ಕಪ್ಪಾಗಿದ್ದವು, ಅಂದರೆ ಮರಿ ಹೊರಡುವ ಕಾಲ. ನೋಡುತ್ತ ಕೂತೆ. ತಿರುಗಿದಾಗ ನಾನು ನಡೆದು ಬಂದಿದ್ದ ಮರಳೇ ಇರಲಿಲ್ಲ. ಎರಡೂ ಕೈ ಎತ್ತಿ ಬೀಸಿದೆ.

ನೀರು ಎಷ್ಟಿತ್ತು? ನೆನಪು ಎದೆಮಟ್ಟ ಎನ್ನುತ್ತದೆ. ಅಂದಿನ ನನ್ನ ದಿನಚರಿಯಲ್ಲಿ ಸೊಂಟ ಎಂದಿದೆ. ಈಜು ಬಾರದ ಸರ್ ಬೂಟು ಸಮೇತ ಇಳಿದು ಬಂದದ್ದಂತೂ ನಿಜ. “ಕೆಳಗ ನೋಡಬ್ಯಾಡ. ನನ್ನ ಮಾರಿ ನೋಡು, ಬಾರವಾ” ಎನ್ನುವಾಗ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಎರಡು ಸಲ ಕಾಲಡಿಯ ನೆಲ ತಪ್ಪಿತು. ಅವರ ಉಗುರು ನನ್ನ ಮಣಿಕಟ್ಟಿನಲ್ಲಿ ನಾಟಿತ್ತು.

ಮರಳಿದ ಮೇಲೆ ಪ್ರಾಂಶುಪಾಲರು ಇಬ್ಬರನ್ನೂ ಕರೆಸಿ ಕೇಳಿದರು. ನಾನು, “ಗಳಿಗಿ ಅಂದ್ರ ತಾಸು ಅಂತ ತಿಳ್ಕೊಂಡ್ನಿರಿ. ಒಂದು ಗಳಿಗಿ ಎಷ್ಟು ಹೊತ್ತಂತ ಸರ್ ಹೇಳಿರಲಿಲ್ರಿ” ಎಂದೆ.

ಸರ್ ಒಂದು ಕ್ಷಣ ನನ್ನನ್ನೇ ನೋಡಿದರು. “ಹೌದ್ರಿ, ಹೇಳಿರಲಿಕ್ಕಿಲ್ಲ. ನಂದ ತಪ್ಪು.”

ಆಮೇಲೆ ಅವರು ಯಾರನ್ನೂ ಕಡಲಿಗೆ ಕರೆದೊಯ್ಯಲಿಲ್ಲ, ಕಾಲೇಜು ಒಪ್ಪಲಿಲ್ಲ.

ಈ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ಹಾವೇರಿಯ ಮನೆಯಲ್ಲಿ ಹಳೆಯ ನೋಟುಪುಸ್ತಕ ಹುಡುಕಿ ತೆಗೆದೆ. ಪ್ರವಾಸಕ್ಕೆ ಮೊದಲಿನ ಪಾಠ. ನನ್ನದೇ ಅಕ್ಷರ: “ಒಂದು ಗಳಿಗೆ ಇಪ್ಪತ್ತನಾಲ್ಕು ನಿಮಿಷ.” ಕೆಳಗೆ ಎರಡು ಗೆರೆ. ಸರ್ ಹೇಳಿದ್ದರು. ಅಂದು ಬಂಡೆಯ ಮೇಲೆ ನಾನು ಇದನ್ನು ಮರೆತಿದ್ದೆನೆ? ಇಲ್ಲವೇ ಏಡಿಯ ಆಸೆಗೆ ಗೊತ್ತಿದ್ದೂ ಕೂತೆನೆ? ನನ್ನನ್ನೇ ಕೇಳಲು ಭಯವಾಗುತ್ತದೆ. ಯಾವ ಉತ್ತರ ಬಂದರೂ ನಂಬಲಾರೆ.

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬ್ಯಾಡಗಿಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಹೇಳಿದರು: “ಕಡೀತನಕ ಅದನ್ನ ಅಂತಿದ್ರವಾ. ‘ಗಳಿಗಿ ಅಂದ್ರ ಎಷ್ಟಂತ ಹೇಳೋದು ಮರ್ತೆ, ಆ ಹುಡುಗಿ ಜೀವಾ ತೆಗೀತಿದ್ನಿ’ ಅಂತ.”

ಚಹಾ ಆರುವವರೆಗೂ ಕೂತಿದ್ದೆ. ಚೀಲದ ಜಿಪ್ಪು ತೆರೆಯಲಿಲ್ಲ.