ಹದಿಮೂರನೇ ರೊಟ್ಟಿ

ಸರಿತಾಳಿಗೆ ಯಾರೂ ನೀರು ಕೇಳದ ಜಾಗ ಜಗತ್ತಿನಲ್ಲಿ ಒಂದೇ ಒಂದಿತ್ತು. ಅದು ಬೀದರದಿಂದ ಔರಾದಕ್ಕೆ ಹೋಗುವ ಬೆಳಗಿನ ಬಸ್ಸಿನ ಕಿಟಕಿ ಪಕ್ಕದ ಸೀಟು.

ಬೀದರದ ನೌಬಾದದ ಮನೆಯಲ್ಲಿ ಅವಳು ನಾಲ್ಕೂವರೆಗೆ ಏಳುತ್ತಿದ್ದಳು. ಹಿಟ್ಟು ನಾದಿ ರೊಟ್ಟಿ ಬಡಿದು, ಊರಾಚೆಯ ಕೊಳಾರದ ಗೋದಾಮಿಗೆ ಕೆಲಸಕ್ಕೆ ಹೋಗುವ ಗಂಡ ಶಿವಕಾಂತನಿಗೆ ಡಬ್ಬಿ ಕಟ್ಟಿ, ಇಬ್ಬರು ಮಕ್ಕಳಿಗೆ ಕಟ್ಟಿ, ಅತ್ತೆ ರುಕ್ಮಿಣಿಬಾಯಿಗೆ ಮುಚ್ಚಿಟ್ಟು, ಬುಟ್ಟಿಯಲ್ಲಿ ಕೊನೆಗೆ ಉಳಿದದ್ದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಕೆಲವು ದಿನ ಎರಡು ರೊಟ್ಟಿ, ಕೆಲವು ದಿನ ಒಂದು. ಮಗ ಹಸಿದು ಎದ್ದ ದಿನ ಬರೀ ಶೇಂಗಾ ಹಿಂಡಿ, ಚಟ್ನಿಪುಡಿ. ಹತ್ತು ವರ್ಷದಿಂದ ಹೀಗೇ ನಡೆದಿತ್ತು. ಅವಳಿಗದು ದುಃಖವೆಂದು ಎಂದೂ ಅನಿಸಿರಲಿಲ್ಲ. ಬಸ್ಸು ಸಿಕ್ಕೀತೋ ಇಲ್ಲವೋ ಎಂಬುದೇ ದೊಡ್ಡ ಚಿಂತೆಯಾಗಿತ್ತು.

ಭಾಲ್ಕಿಯಲ್ಲಿ ಅವಳ ಅಪ್ಪನದು ಸಣ್ಣ ಕಿರಾಣಿ ಅಂಗಡಿ. ತಕ್ಕಡಿಯ ಕಲ್ಲುಗಳೊಡನೆ ಆಡುತ್ತ ಲೆಕ್ಕ ಕಲಿತ ಹುಡುಗಿ ಅಲ್ಲಿಯೇ ಡಿ.ಎಡ್. ಮುಗಿಸಿ, ಮದುವೆಯಾಗಿ ಬೀದರಕ್ಕೆ ಬಂದು, ಡಾಬಕಾದ ಆಚೆಗಿನ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಟೀಚರಾದಳು. ಔರಾದದಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ಹೋಗಬೇಕು. ನಾಲ್ಕನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಅರ್ಧ ಮಕ್ಕಳ ಮನೆಯಲ್ಲಿ ಕುರಿ, ಅರ್ಧ ಮಕ್ಕಳ ಬಾಯಲ್ಲಿ ಮರಾಠಿ.

ಚಿತ್ರ ಕುಣಿಸಿ ಪಾಠ ಹೇಳುವ ವಿದ್ಯೆಯನ್ನು ಅವಳಿಗೆ ಕಲಿಸಿದವಳು ಬೀದರದ ಉರ್ದು ಶಾಲೆಯ ಮುನವ್ವರ ಬೇಗಂ. ಒಂದು ತರಬೇತಿಯಲ್ಲಿ ಪಕ್ಕದಲ್ಲಿ ಕೂತಿದ್ದಾಗ ತನ್ನ ಫೋನಿನಲ್ಲಿ ಒಂದು ಜಾಲತಾಣ ತೆರೆದು ತೋರಿಸಿದ್ದಳು. ಅದರಲ್ಲಿ ಮನೆ, ಮರ, ಮನುಷ್ಯರು, ಪ್ರಾಣಿಗಳು ಎಲ್ಲ ತಯಾರಾಗಿಯೇ ಇರುತ್ತಿದ್ದವು. ಬೇಕಾದ್ದನ್ನು ಎಳೆದು ತಂದು ಇಟ್ಟು, ಹೇಗೆ ಓಡಾಡಬೇಕೆಂದು ಹೇಳಿದರೆ ವೀಡಿಯೊ ಆಗುತ್ತಿತ್ತು.

“ಬೆರಳಿಡು, ಎಳಿ, ಬಿಡು. ಅಷ್ಟೇ. ಹಿಟ್ಟು ನಾದೋದಕ್ಕಿಂತ ಆಸಾನ್ ಅದ ನೋಡು,” ಎಂದಿದ್ದಳು ಮುನವ್ವರ.

ಬಸ್ಸಿನ ಸೀಟು ಸರಿತಾಳ ಕಾರ್ಖಾನೆಯಾಯಿತು. ಸಂತಪುರ ಬರುವವರೆಗೆ ಸಿಗ್ನಲ್ ಇರುತ್ತಿತ್ತು. ಅಷ್ಟರೊಳಗೆ ದಿನಕ್ಕೊಂದು ತುಣುಕು ಮಾಡುತ್ತಿದ್ದಳು. ಮೊದಮೊದಲು ಶಾಲೆಯ ಟಿವಿಯಲ್ಲಿ ಅದನ್ನು ನೋಡಿ ಮಕ್ಕಳು ನಕ್ಕರು. ಜಾಲತಾಣದ ಕುರಿಗಳು ಹತ್ತಿಯ ಉಂಡೆಯ ಹಾಗೆ ಬೆಳ್ಳಗಿದ್ದವು. “ಇವು ಕುರಿ ಏನ್ರೀ ಟೀಚರ್? ಮೊಲ ಇದ್ದಂಗ ಅವ!” ಮರುದಿನ ಅವಳು ಒಂದೊಂದೇ ಕುರಿಗೆ ಕಪ್ಪು ಬಣ್ಣ ಬಳಿದು ತಂದಳು. ಯಂತ್ರದ ದನಿ “ಮಕ್ಕಳೇ, ಈಗ ನಾವು ಕಲಿಯೋಣವೇ?” ಎಂದಾಗ ಒಬ್ಬ ಹುಡುಗಿ, “ಇದ್ಯಾರ್ರೀ, ರೇಡಿಯೋದಾಗಿನಾಕಿ?” ಎಂದು ಕೇಳಿದಳು. ಸರಿತಾ ಆ ದನಿ ತೆಗೆದು ತನ್ನದೇ ದನಿ ಹಾಕಿದಳು. ಮನೆಯಲ್ಲಿ ಸದ್ದಿಲ್ಲದ ಮೂಲೆ ಇರಲಿಲ್ಲವಾದ್ದರಿಂದ ಅತ್ತೆಯ ಕರಿ ಕಂಬಳಿ ಹೊದ್ದುಕೊಂಡು ಅದರೊಳಗೆ ಮಾತಾಡುತ್ತಿದ್ದಳು.

ರೇಡಿಯೋದಾಕಿ ಎಂದ ಆ ಹುಡುಗಿಯ ಹೆಸರು ಈಶ್ವರಿ. ಕುರಿ ಕಾಯುವ ಹಾವಗೆಪ್ಪ ಮತ್ತು ಸಿದ್ದೇಶ್ವರಿಯ ಮಗಳು. ಕೇಳದೆ ಬಿಡುವ ಜಾತಿಯಲ್ಲ. ಭಾಗಾಕಾರದ ಪಾಠ ಬಂದಾಗ ಸರಿತಾ ಹದಿಮೂರು ಕರಿ ಕುರಿಗಳನ್ನು ನಾಲ್ಕು ದೊಡ್ಡಿಗೆ ಹೊಡೆದು, “ಒಂದು ಉಳಿಯಿತು, ಅದೇ ಶೇಷ,” ಎಂದಳು. ಈಶ್ವರಿ ಗಾಬರಿಯಾದಳು.

“ಕುರಿ ಹೊರಗ ಬಿಟ್ಟ ಹ್ಯಾಂಗ ಹೋಗ್ತೀರಿ ಟೀಚರ್? ತೋಳ ತಿಂತದ.”

ಅದಕ್ಕೇ ಸರಿತಾ ಕುರಿ ಬಿಟ್ಟು ರೊಟ್ಟಿ ಹಿಡಿದಳು. ಹೊಸ ವೀಡಿಯೊದಲ್ಲಿ ಅಜ್ಜ, ಅಪ್ಪ, ಇಬ್ಬರು ಮಕ್ಕಳು ಸಾಲಾಗಿ ಕೂತಿದ್ದರು. ಒಲೆಯ ಹತ್ತಿರ ಅವ್ವ ನಿಂತಿದ್ದಳು. ಹದಿಮೂರು ರೊಟ್ಟಿ ಒಂದೊಂದಾಗಿ ಹಾರಿ ನಾಲ್ಕು ತಾಟಿಗೆ ಮೂರು ಮೂರು ಬಿದ್ದವು. ಉಳಿದ ಒಂದು ಗಾಳಿಯಲ್ಲಿ ತಿರುಗುತ್ತಿದ್ದಾಗಲೇ, ಯಾರಾದರೂ ಕೇಳುವ ಮೊದಲೇ, ಇಡೀ ತರಗತಿ ಒಟ್ಟಿಗೆ ಕೂಗಿತು: “ಅದು ಅವ್ವಗ್ರೀ!”

ನಿಜಕ್ಕೂ ಆ ರೊಟ್ಟಿ ತೇಲುತ್ತ ಹೋಗಿ ಅವ್ವನ ಕೈ ಸೇರಿತು. ಚೆಂದ ಕಾಣಲೆಂದು ಸರಿತಾಳೇ ಹಾಗೆ ಮಾಡಿದ್ದಳು. ಶೇಷ ಎಂದರೇನೆಂದು ಹತ್ತೊಂಬತ್ತು ಮಕ್ಕಳಿಗೂ ಒಂದೇ ಏಟಿಗೆ ತಿಳಿಯಿತಲ್ಲ ಎಂದು ಅವಳು ಆ ದಿನ ಹಾರಾಡುತ್ತ ಮನೆಗೆ ಬಂದಳು.

ದೀಪಾವಳಿ ಮುಗಿದು ಎರಡನೇ ಶುಕ್ರವಾರ ಹಾವಗೆಪ್ಪ ಶಾಲೆಗೆ ಬಂದ. ರುಮಾಲು ಸುತ್ತಿದ, ಮಾತು ಕಮ್ಮಿಯ ಮನುಷ್ಯ.

“ಸೋಮವಾರ ಹಿಂಡು ಹೊಡಕೊಂಡು ಊರು ಬಿಡ್ತೀವ್ರಿ ಟೀಚರ್. ಯುಗಾದಿಗೇ ತಿರುಗಿ ಬರೋದು. ಹುಡುಗಿದು ಏನ್ ಮಾಡ್ಲಿ? ಲೆಕ್ಕ ತಲೀಗಿ ಹತ್ತಿತಂದ್ರ ಇಲ್ಲೇ ಆಯಿ, ನಮ್ಮವ್ವ ಇದ್ದಾಳ, ಆಕಿ ಕೂಡ ಇರ್ಲಿ, ಸಾಲಿಗಿ ಬರ್ಲಿ. ಹತ್ತಲಿಲ್ಲಂದ್ರ ಮರಿ ಹೊರ್ಲಿಕ್ಕಿ ಕರ್ಕೊಂಡು ಹೋಗ್ತೇನಿ.”

“ಹತ್ತೇ ಹತ್ತತಾವ್ರಿ. ಶಾಣ್ಯಾ ಹುಡುಗಿ,” ಎಂದಳು ಸರಿತಾ. ಅವನ ಎದುರಿಗೇ ಈಶ್ವರಿಗೆ ಹತ್ತು ಭಾಗಾಕಾರ ಕೊಟ್ಟಳು.

ಏಳು ತಪ್ಪು.

ಹಾವಗೆಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೆ ಪಾಟಿಯ ಮೇಲೆ ಕೆಂಪು ಚಾಕಿನ ಗೀಟು ಎಣಿಸಲು ಬರುತ್ತಿತ್ತು. “ಆತು ಬಿಡ್ರಿ,” ಎಂದು ಎದ್ದು ಹೋದ.

ಸರಿತಾ ಪಾಟಿಯನ್ನು ಮತ್ತೆ ಮತ್ತೆ ನೋಡಿದಳು. ಸರಿಯಿದ್ದ ಮೂರೂ ಶೇಷ ಉಳಿಯುವ ಲೆಕ್ಕಗಳು. ತಪ್ಪಿದ ಏಳೂ ಶೇಷ ಸೊನ್ನೆ ಬರಬೇಕಾದವು. ಹನ್ನೆರಡನ್ನು ನಾಲ್ಕರಿಂದ ಭಾಗಿಸಿ ಈಶ್ವರಿ ಎರಡು ಎಂದು ಬರೆದಿದ್ದಳು, ಶೇಷ ನಾಲ್ಕು.

“ಮೂರು ಮೂರು ಹಚ್ಚಬಹುದಿತ್ತಲ್ಲೇ ಈಶ್ವರಿ?”

“ಗೊತ್ತದರಿ.”

“ಮತ್ತ?”

“ಮೂರು ಹಚ್ಚಿದ್ರ ಅವ್ವಗ ಏನೂ ಉಳಿಯಂಗಿಲ್ಲಲ್ರೀ.”

“ಅದಕ್ಕ ನಾಕು ಉಳಿಸಿದಿ?”

“ಮುಂಜಾನಿಂದ ಉಪಾಸ ಇರ್ತಾಳ್ರೀ,” ಎಂದಳು ಈಶ್ವರಿ, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಹಿಂತಿರುಗುವ ಬಸ್ಸಿನಲ್ಲಿ ಸರಿತಾ ಫೋನ್ ತೆಗೆಯಲಿಲ್ಲ. ಹುಡುಗಿಗೆ ತಪ್ಪು ಕಲಿಸಿದವಳು ತಾನೇ. ಬರೀ ಬಾಯಿಮಾತಿನಲ್ಲಿ “ಸೊನ್ನೆ ಬರೆಯಮ್ಮ” ಎಂದರೆ ಈಶ್ವರಿ ಬರೆಯುವವಳಲ್ಲ. ಅವ್ವನನ್ನು ಉಪವಾಸ ಕೆಡವುವ ಲೆಕ್ಕಕ್ಕೆ ಅವಳು ಒಪ್ಪುವುದಿಲ್ಲ. ಪೇಪರಿನಲ್ಲಿ ಬೆಳಗಿನ ಒಂದು ರೊಟ್ಟಿ ತಿನ್ನದೆ ಹಾಗೇ ಇತ್ತು. ಸರಿತಾ ಅದನ್ನು ಬಿಚ್ಚಿ ತುಸು ಹೊತ್ತು ನೋಡಿದಳು.

ಭಾನುವಾರ ಮಧ್ಯಾಹ್ನ ಅವಳು ಹಂಚಿನ ಮುಂದೆ ಸುಮ್ಮನೆ ನಿಂತದ್ದನ್ನು ರುಕ್ಮಿಣಿಬಾಯಿ ಕಂಡರು. ಒಂದು ರೊಟ್ಟಿ ಸೀದಿತ್ತು.

“ಏನಾಗ್ಯಾದ ನಿನಗ? ಸರಿ ಆಕಡಿ, ನಾ ಬಡೀತೇನಿ. ಹೇಳು.”

ಸರಿತಾ ಹೇಳಿದಳು. ಅತ್ತೆ ರೊಟ್ಟಿ ಬಡಿಯುತ್ತ ಕೇಳಿದರು. ವೀಡಿಯೊ ತೋರಿಸು ಎಂದು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದರು. ಹದಿಮೂರನೇ ರೊಟ್ಟಿ ತೇಲಿ ಅವ್ವನ ಕೈಗೆ ಬಂದಾಗ ಅವರ ಕೈ ನಿಂತಿತು.

“ನಮ್ಮಪ್ಪ ಕಣದಾಗ ಜೋಳದ ರಾಶಿ ಪಾಲು ಮಾಡ್ತಿದ್ದ,” ಎಂದರು. “ಮೂರು ಮಂದಿ ಅಣತಮ್ಮರು. ಪಾಲು ಮಾಡಿದಂವ ಕಡೀಗಿ ಎತ್ತಬೇಕು, ಅದು ರೀತಿ. ಕಡೀಗಿ ಉಳದದ್ದು ತನಗೇ ಬರ್ತದಂತ ಒಂದು ಬೊಗಸಿ ಹೆಚ್ಚುಕಮ್ಮಿ ಆಗದಂಗ ಸಮ ಮಾಡ್ತಿದ್ದ.”

“ನಾವೂ ಕಡೀಗೇ ತಗೋತೀವಲ್ರಿ ಅತ್ತಿ.”

“ಹೂಂ. ಖರೇ ನಮ್ಮಪ್ಪ ಆ ಮೂರು ಮಂದ್ಯಾಗ ಒಬ್ಬ ಇದ್ದ. ಈಕಿ ಯಾರಾಗ ಇದ್ದಾಳ?” ಫೋನಿನ ಅವ್ವನತ್ತ ಹಿಟ್ಟಿನ ಬೆರಳು ತೋರಿಸಿದರು. “ನಾಕು ಮಂದಿ ಅಂದಿ. ನಾ ಎಣಿಸಿದ್ರ ಐದು ಕಾಣ್ತಾರ. ಆಕಿನ್ನೂ ಕೂಡ್ರಿಸು.”

ಸರಿತಾ ಅತ್ತೆಯ ಮುಖ ನೋಡಿದಳು. ನಲವತ್ತೈದು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಂಡ ಮುಖ. ಅಲ್ಲಿ ಸಿಟ್ಟಿರಲಿಲ್ಲ. ಲೆಕ್ಕದ ತಪ್ಪು ಸಿಕ್ಕಿತಲ್ಲ ಎಂಬ ಸಮಾಧಾನವಷ್ಟೇ ಇತ್ತು.

ಕೂಡ್ರಿಸುವುದೇನು ಸುಲಭವಾಗಲಿಲ್ಲ. ಜಾಲತಾಣದ ಅವ್ವ ನಿಲ್ಲುತ್ತಿದ್ದಳು, ಸೌಟು ತಿರುಗಿಸುತ್ತಿದ್ದಳು, ಬಡಿಸುತ್ತಿದ್ದಳು, ಕೈ ಬೀಸುತ್ತಿದ್ದಳು. ಅವಳಿಗೆ ಕೂರುವ ಭಂಗಿಯನ್ನೇ ಮಾಡಿರಲಿಲ್ಲ. ಅಪ್ಪನಿಗೆ ಆರು ಬಗೆಯಲ್ಲಿ ಕೂರಲು ಬರುತ್ತಿತ್ತು. ಹುಡುಕಿ ಹುಡುಕಿ ಸರಿತಾಳಿಗೆ ನೆಲದ ಮೇಲೆ ಕೂತ ಹೆಂಗಸು ಒಬ್ಬಳೇ ಸಿಕ್ಕಳು. ಯೋಗ ಮಾಡುವವಳು. ಅವಳ ನೀಲಿ ಚಲ್ಲಣಕ್ಕೆ ಹಸಿರು ಬಳಿದು, ಹೆಗಲಿಗೆ ಒಂದು ಹಸಿರು ತ್ರಿಕೋನವನ್ನು ಸೆರಗಿನಂತೆ ಅಂಟಿಸಿ, ಮುಂದೊಂದು ತಾಟು ಇಟ್ಟಳು.

“ಈಕಿ ಯಾಕ ಕಣ್ಣ ಮುಚ್ಯಾಳ?” ಎಂದರು ರುಕ್ಮಿಣಿಬಾಯಿ.

“ಧ್ಯಾನ ಮಾಡ್ತಾಳ್ರಿ. ಕಣ್ಣ ತೆರಸ್ಲಿಕ್ಕಿ ಬರವಲ್ದು.”

“ಇರ್ಲಿ ಬಿಡು. ಕುಂತು ಉಣ್ಣಲಿಕ್ಕಿ ಸಿಕ್ಕರ ಹಂಗೇ ಕಣ್ಣ ಮುಚ್ಚತಾವ.”

ರೊಟ್ಟಿ ಹದಿನೈದಾದವು, ಮಂದಿ ಐದಾದರು. ದನಿ ಮಾತ್ರ ಬಾಕಿ ಇತ್ತು. “ಪಾಲಿನ ಮಾತು ನೀವೇ ಹೇಳ್ರಿ ಅತ್ತಿ,” ಎಂದು ಸರಿತಾ ಹಟ ಹಿಡಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಕಂಬಳಿಯೊಳಗೆ ಹೊಕ್ಕರು. ಕಂಬಳಿಯಲ್ಲಿ ಉಣ್ಣೆಯ ವಾಸನೆ, ಸೆಕೆ, ಅತ್ತೆಯ ಬಳೆಯ ಸದ್ದು. ರುಕ್ಮಿಣಿಬಾಯಿ ಗಂಟಲು ಸರಿಮಾಡಿಕೊಂಡು, “ಪಾಲು ಮಾಡಾಕಿನೂ ಲೆಕ್ಕದಾಗ ಒಬ್ಬಾಕಿ. ಐದು ಮಂದಿ, ಮೂರು ಮೂರು,” ಎಂದು ಹೇಳಿದರು. ಅಷ್ಟರಲ್ಲಿ ಹೊರಗಿನಿಂದ ಶಿವಕಾಂತನ ದನಿ: “ಏ, ಚಾ ಆತೇನು?”

“ನೀನೇ ಮಾಡ್ಕೋಳೋ, ನಾವು ಭಾಗಾಕಾರದಾಗ ಇದ್ದೀವಿ!” ಎಂದರು ರುಕ್ಮಿಣಿಬಾಯಿ ಕಂಬಳಿಯೊಳಗಿಂದಲೇ.

ಎಲ್ಲವೂ ರೆಕಾರ್ಡ್ ಆಯಿತು. ಸರಿತಾ ನಗುತ್ತ ಅದನ್ನು ಅಳಿಸಲು ಹೋದವಳು ಹಾಗೇ ಬಿಟ್ಟಳು. ಅಡುಗೆಮನೆಯಲ್ಲಿ ಶಿವಕಾಂತ ಸಕ್ಕರೆ ಡಬ್ಬಿ ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಅವನು ನಾಲ್ಕು ಲೋಟ ಚಹಾ ತಂದ. ಎರಡು ಮಕ್ಕಳಿಗೆ, ಒಂದು ಅವ್ವನಿಗೆ, ಒಂದು ತನಗೆ. ಸರಿತಾಳನ್ನು ಕಂಡು ಬಾಗಿಲಲ್ಲೇ ನಿಂತ. ತನ್ನ ಲೋಟ ಅವಳ ಕೈಗಿಟ್ಟು ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಹೊರಗೆ ಹಿಂಡು ನಿಂತಿತ್ತು. ದಾರಿ ತುಂಬ ಕರಿ ಬೆನ್ನುಗಳು. ಸಿದ್ದೇಶ್ವರಿಯ ತಲೆಯ ಮೇಲೆ ಗಂಟು, ಕಂಕುಳಲ್ಲಿ ಎರಡು ಮರಿ. ಈಶ್ವರಿ ಅವ್ವನ ಪಕ್ಕ ಇನ್ನೆರಡು ಮರಿ ಹಿಡಿದು ನಿಂತಿದ್ದಳು. ಪಾಟಿಚೀಲ ಹೆಗಲಿಗಿರಲಿಲ್ಲ.

“ಐದು ನಿಮಿಷ ಕೊಡ್ರಿ,” ಎಂದಳು ಸರಿತಾ. ಹಾವಗೆಪ್ಪ ಬಿಸಿಲು ನೋಡಿದ. ಬೇಡವೆನ್ನಲಿಲ್ಲ.

ಟಿವಿ ಹಚ್ಚಲು ಹೊತ್ತಿರಲಿಲ್ಲ. ಗೇಟಿನ ಕಟ್ಟೆಯ ಮೇಲೆ ಫೋನನ್ನು ಗೋಡೆಗೆ ಒರಗಿಸಿಟ್ಟಳು. ಹುಡುಗಿ ಮರಿಗಳನ್ನು ಇಳಿಸದೆಯೇ ಬಗ್ಗಿ ನೋಡಿದಳು. ಹದಿನೈದು ರೊಟ್ಟಿ ಹಾರಿದವು. ಐದನೇ ತಾಟಿಗೂ ಮೂರು ಬಿದ್ದವು. “ನೀನೇ ಮಾಡ್ಕೋಳೋ” ಬಂದಾಗ ಹಿಂದೆ ನಿಂತಿದ್ದ ಸಿದ್ದೇಶ್ವರಿ ಫಕ್ಕನೆ ನಕ್ಕಳು. ಈಶ್ವರಿ ನಗಲಿಲ್ಲ. “ಇನ್ನೊಂದ್ಸಲ ಹಚ್ಚರೀ,” ಎಂದಳು. ಎರಡನೇ ಸಲ ಮುಗಿದ ಮೇಲೆ ಸರಿತಾ ಕಟ್ಟೆಯ ಮೇಲೆ ಕೂತು ಒಂದು ಪಾಟಿಯ ಮೇಲೆ ಬರೆದಳು: ಹನ್ನೆರಡು ಭಾಗಿಸು ನಾಲ್ಕು.

“ಈ ನಾಕರಾಗ ಅವ್ವ ಬಂದಾಳೇನ್ರೀ?”

“ಬಂದಾಳ. ಇನ್ನ ಮ್ಯಾಲ ಎಲ್ಲಾ ಲೆಕ್ಕದಾಗೂ ಬಂದಾಳ.”

ಈಶ್ವರಿ ಮರಿಗಳನ್ನು ಸರಿತಾಳ ಮಡಿಲಿಗೆ ಹಾಕಿ ಬಳಪ ಹಿಡಿದಳು. ಮೂರು ಎಂದು ಬರೆದಳು. ಶೇಷದ ಜಾಗದಲ್ಲಿ ಬಳಪ ತುಸು ನಿಂತಿತು. ಆಮೇಲೆ ದುಂಡಗೆ ಒಂದು ಸೊನ್ನೆ. ಮುಂದಿನದು ಸರಿ. ಅದರ ಮುಂದಿನದೂ ಸರಿ.

ಹಾವಗೆಪ್ಪನಿಗೆ ಪಾಟಿಯ ಮೇಲೆ ನಂಬಿಕೆ ಬರಲಿಲ್ಲ. ತಾನೇ ಕೇಳಿದ: “ಇಪ್ಪತ್ತೈದು ರೊಟ್ಟಿ ಮಾಡ್ಯಾರ. ಆಯಿ, ಕಾಕಾ, ನಾ, ನಿಮ್ಮವ್ವ, ನೀ, ತಮ್ಮ. ಹೇಳು.”

“ಆರು ಮಂದಿ, ನಾಕು ನಾಕು. ಒಂದು ಉಳೀತದ.”

“ಆ ಒಂದು ಯಾರಿಗಿ?”

ಈಶ್ವರಿ ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಸಿದ್ದೇಶ್ವರಿಯೇ ಹೇಳಿದಳು: “ನಂದು ನಾಕು ಬಂದಾವ. ಅದು ನಾಯಿಗಿ ಹಾಕು.”

ಹಾವಗೆಪ್ಪ ಹೆಂಡತಿಯತ್ತ ತಿರುಗಿ ನೋಡಿದ. ಹಿಂಡಿನ ನಾಯಿ ತನ್ನ ಮಾತೆಂದು ತಿಳಿದು ಬಾಲ ಆಡಿಸಿತು. “ಇರ್ಲಿ ಬಿಡ್ರಿ ಟೀಚರ್,” ಎಂದ ಅವನು ಕೊನೆಗೆ. “ಆಯಿ ಕೂಡ ಇರ್ಲಿ.”

ಹುಡುಗಿ ಕುಣಿಯಬೇಕಿತ್ತು, ಕುಣಿಯಲಿಲ್ಲ. ಅವಳ ಕಣ್ಣು ಸರಿತಾಳ ಮಡಿಲಿನ ಮರಿಗಳ ಮೇಲಿತ್ತು. ಸರಿತಾಳಿಗೂ ಆಗಲೇ ಹೊಳೆಯಿತು. ಮಗಳು ಶಾಲೆಯಲ್ಲಿ ಉಳಿದರೆ ಆ ಎರಡು ಮರಿ ಯಾರ ಕಂಕುಳಿಗೆ ಹೋಗುತ್ತವೆಂದು ಎಲ್ಲರಿಗೂ ಗೊತ್ತಿತ್ತು. ಸಿದ್ದೇಶ್ವರಿ ಆಗಲೇ ಗಂಟು ಸರಿಮಾಡಿಕೊಂಡು ಕೈ ಚಾಚಿದ್ದಳು.

“ನಾಕು ಮರಿ,” ಎಂದಳು ಈಶ್ವರಿ, ಯಾರಿಗೂ ಹೇಳದಂತೆ. “ಇಬ್ಬರು. ಎರಡೆರಡು.”

ಹಾವಗೆಪ್ಪ ಹೆಗಲ ಕಂಬಳಿ ಬಿಚ್ಚಿ ಜೋಳಿಗೆಯಂತೆ ಕಟ್ಟಿಕೊಂಡ. ಸರಿತಾಳ ಮುಂದೆ ಬಗ್ಗಿ ಒಂದು ಮರಿ ಎತ್ತಿ ಇಟ್ಟುಕೊಂಡ, ಇನ್ನೊಂದನ್ನೂ ಇಟ್ಟುಕೊಂಡ.

“ಶೇಷ ಏನ್ ಉಳೀತು?” ಎಂದು ಮಗಳನ್ನು ಕೇಳಿದ.

“ಏನಿಲ್ಲ ಅಪ್ಪಾ,” ಎಂದಳು ಈಶ್ವರಿ. ಆಮೇಲೆ ನಕ್ಕಳು.